ವಿಷಯ: ಎರಡು ಎಡ, ಎರಡು ಬಲದ ಬದಲು ನಾಲ್ಕೂ ಎಡ ಮೆಕಾನಮ್ ವೀಲ್ ಕಳಿಸಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ರೋಬೋಕಾನ್ ಎಂಬ ರೋಬೋ ಸ್ಪರ್ಧೆಗೆ ಹೊರಟಿರುವ ನಮ್ಮ ಕಾಲೇಜಿನ ತಂಡಕ್ಕೆ ನಿಮ್ಮಿಂದ 100 ಮಿ.ಮೀ. ಮೆಕಾನಮ್ ವೀಲ್ ಸೆಟ್ ತರಿಸಿಕೊಂಡೆವು. ಅಂಚಿನ ಸುತ್ತ ಓರೆ ರೋಲರ್‌ಗಳಿರುವ, ರೋಬೋವನ್ನು ಪಕ್ಕಕ್ಕೂ ಸರಿಸುವ ಚಕ್ರ ಇದು; ಎಡದ ಓರೆ ಒಂದು ಕಡೆಗಾದರೆ ಬಲದ್ದು ಇನ್ನೊಂದು ಕಡೆಗೆ. ಬಿಲ್ಲಿನಲ್ಲಿ '2 ಎಡ, 2 ಬಲ' ಎಂದಿದೆ. ಡಬ್ಬಿಯಲ್ಲಿದ್ದದ್ದು ನಾಲ್ಕೂ ಎಡ. ತಪ್ಪು ವಸ್ತು ಬಂದರೆ, ಪ್ಯಾಕ್ ಒಡೆದಿದ್ದರೂ, 7 ದಿನದೊಳಗೆ ತಿಳಿಸಿದರೆ ಬದಲಿಸಿಕೊಡುವ ನಿಯಮ ನಿಮ್ಮದೇ. ಅದನ್ನು ನಿಮಗೆ ಓದಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ಪಾರ್ಸೆಲ್ ಬಿಚ್ಚಿದ ದಿನವೇ ಫೋಟೊ ಸಮೇತ ತಿಳಿಸಿದ್ದೆವು.

ಫೋನ್ ಎತ್ತಿದವರು, "ಎರಡು ವೀಲ್ ಬಿಚ್ಚಿ ಉಲ್ಟಾ ಹಾಕ್ಕೊಳ್ಳಿ ಮೇಡಂ, ಬಲದ್ದಾಗುತ್ತೆ" ಎಂದರು. ಆಗುವುದಿಲ್ಲ. ರೋಲರ್‌ಗಳ 45 ಡಿಗ್ರಿ ಓರೆ ಬೋಲ್ಟಿನ ಥ್ರೆಡ್ ಇದ್ದಂತೆ, ಯಾವ ತುದಿಯಿಂದ ನೋಡಿದರೂ ಅದೇ, ಎಂದೆ. "ಹಂಗಾದ್ರೆ ಮೋಟರ್ ವೈರ್ ಅದಲುಬದಲು ಮಾಡಿ." ಅದರಿಂದ ಚಕ್ರ ತಿರುಗುವ ದಿಕ್ಕು ಬದಲಾಗುತ್ತದೆ, ರೋಲರ್ ಓರೆಯಲ್ಲ, ಎಂದೆ. ಸ್ವಲ್ಪ ಹೊತ್ತು ಸಂಗೀತ ಕೇಳಿಸಿದರು. ಆಮೇಲೆ, "ಕೋಡ್ ತಪ್ಪಿರಬೇಕು. ಟೀಮಲ್ಲಿ ಹುಡುಗರಿದ್ರೆ ಫೋನ್ ಕೊಡಿ" ಎಂದರು.

ಕೋಡ್ ಸರಿಯಾಗಿದೆ. ಮೇಲಿನಿಂದ ನೋಡಿದರೆ ರೋಲರ್‌ಗಳು ಎಕ್ಸ್ ಆಕಾರದಲ್ಲಿರಬೇಕು, ಎದುರುಬದುರು ಮೂಲೆಗಳಲ್ಲಿ ಒಂದೇ ಬಗೆಯ ಚಕ್ರ ಬರಬೇಕು. ನಾಲ್ಕೂ ಎಡವಾದರೆ, ಎಲ್ಲವನ್ನೂ ಮುಂದಕ್ಕೆ ತಿರುಗಿಸಿದಾಗ ರೋಬೋ ಓರೆಯಾಗಿ ಹೋಗುತ್ತದೆ. ಪಕ್ಕಕ್ಕೆ ಸರಿಸಲು ಎದುರುಬದುರು ಮೂಲೆಗಳ ಒಂದು ಜೋಡಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಿದರೆ, ಎರಡು ಜೋಡಿಗಳ ನೂಕೂ ಒಂದಕ್ಕೊಂದು ವಜಾ ಆಗಿ ರೋಬೋ ನಿಂತಲ್ಲೇ ನಿಲ್ಲುತ್ತದೆ. ಮೋಟರ್ ಕರೆಂಟ್ ಏರುತ್ತದೆ, ಮೋಟರ್‌ಗಳಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡ್ ಬಿಸಿಯಾಗುತ್ತದೆ. ಇಷ್ಟನ್ನು ಹುಡುಗರೇ ಹೇಳಬೇಕಿತ್ತೇ?

ಕೊನೆಗೆ, ರೋಲರ್‌ಗಳು ಓರೆಯಿಲ್ಲದೆ ನೇರವಾಗಿರುವ ಓಮ್ನಿ ವೀಲ್ ಕೊಳ್ಳಿ, ಡಿಸ್ಕೌಂಟ್ ಕೊಡುತ್ತೇವೆ ಎಂಬ ಔದಾರ್ಯ ಬೇರೆ. ನಾಲ್ಕು ಓಮ್ನಿಯಿಂದ ಎಲ್ಲ ದಿಕ್ಕಿಗೂ ಓಡಿಸಬೇಕಾದರೆ ಮೂಲೆಗಳಲ್ಲಿ 45 ಡಿಗ್ರಿ ತಿರುಗಿಸಿ ಕೂರಿಸಬೇಕು. ಅಂದರೆ ಚಾಸಿ, ಮೋಟರ್ ಬ್ರ್ಯಾಕೆಟ್ ಎಲ್ಲ ಹೊಸದು. ಆ ಬಿಲ್ ಯಾವ ವಿಳಾಸಕ್ಕೆ ಕಳಿಸಲಿ?

ನಿನ್ನೆ 'ಬಳಸಿದ ವಸ್ತು' ಎಂದು ಮೇಲ್ ಹಾಕಿ ದೂರನ್ನೇ ಮುಚ್ಚಿದ್ದೀರಿ. ಹಾಕಿ ನೋಡಿ ಎಂದವರೂ ನೀವೇ.

ಎರಡು ಬಲ ಚಕ್ರ, ಮೋಟರ್‌ಗೆ ಜೋಡಿಸುವ ಅದೇ ಅಳತೆಯ ಹಬ್ ಸಮೇತ, ಶುಕ್ರವಾರದೊಳಗೆ ಬರಲಿ. ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 2019ರ ಕಾಯ್ದೆಯಂತೆ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಓಡಾಡಬೇಕಾದವರು ನೀವು. ಬರುವಾಗ ಆ ಉಲ್ಟಾ ಹಾಕುವವರನ್ನೂ ಕರೆತನ್ನಿ, ಚಕ್ರಗಳನ್ನು ನಾವು ತರುತ್ತೇವೆ.

ಇಂತಿ,
ತಂಡದ ನಾಯಕಿ