ನಿರ್ಮಾಪಕರಾಗುವವರು ಮೊದಲು ಲೆಕ್ಕ ಕಲಿಯಲಿ

ಮಾನ್ಯ ಸಂಪಾದಕರೇ,

ವೃತ್ತಿ ಮಾರ್ಗದರ್ಶನದ ಬರಹಗಳಲ್ಲಿ ನಿರ್ಮಾಪಕರ ಪ್ರಸ್ತಾಪ ಬರುವುದೇ ಅಪರೂಪ. ಬಂದರೂ ‘ಬಂಡವಾಳ ಹೂಡುವವರು’ ಎಂಬಲ್ಲಿಗೆ ಮುಗಿಯುತ್ತದೆ. ದುಡ್ಡಿಲ್ಲದವರಿಗೆ ಇದು ಹೇಳಿಸಿದ್ದಲ್ಲ ಎಂದು ಓದಿದವರು ಕೈಬಿಡುತ್ತಾರೆ. ಸಿನಿಮಾ, ಧಾರಾವಾಹಿಗಳ ನಿರ್ಮಾಪಕರಲ್ಲಿ ಬಹಳ ಮಂದಿ ಬೇರೆಯವರ ಹಣದಲ್ಲೇ ಕೆಲಸ ಮಾಡುವವರು. ಸ್ಕ್ರಿಪ್ಟ್ ಓದುವಾಗಲೇ ಖರ್ಚು ಕಾಣುವ ಕಣ್ಣು ಅವರ ಬಂಡವಾಳ.

ಸ್ಕ್ರಿಪ್ಟಿನ ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು 1 ನಿಮಿಷ ಎಂಬುದು ರೂಢಿಯ ಲೆಕ್ಕ. ಶೆಡ್ಯೂಲ್ ಹಾಕುವಾಗ ಪುಟವನ್ನು 8 ಭಾಗ ಮಾಡಿ ಸೀನುಗಳನ್ನು ಅಳೆಯುತ್ತಾರೆ. ಹೊಸಬರು ಎಡವುವುದು ಈ ಅಳತೆಯನ್ನು ನಂಬಿ. ‘ಅವಳು ಮಳೆಯಲ್ಲಿ ಗೇಟಿನತ್ತ ಓಡುತ್ತಾಳೆ’ ಎಂಬುದು ಪುಟದ 8ನೇ ಒಂದು ಭಾಗ, ಅಷ್ಟೇ. ಅದಕ್ಕೆ ನೀರಿನ ಟ್ಯಾಂಕರ್, ಪಂಪು, ಪೈಪು ಬೇಕು. ಹನಿ ಕ್ಯಾಮೆರಾಗೆ ಕಾಣಬೇಕೆಂದರೆ ಹಿಂದಿನಿಂದ ಲೈಟ್ ಬೀಳಬೇಕು. ನೀರಿನ ಪಕ್ಕದಲ್ಲೇ ಕರೆಂಟಿನ ಕೇಬಲ್ ಹಾಯುವುದರಿಂದ ಎಲೆಕ್ಟ್ರಿಷಿಯನ್ ಅಲ್ಲೇ ನಿಂತಿರಬೇಕು. ಒಣ ಬಟ್ಟೆಯಲ್ಲಿ ಶುರುವಾಗುವ ಶಾಟ್ ಆದರೆ ಪ್ರತಿ ಟೇಕಿಗೂ ಅದೇ ಬಟ್ಟೆಯ ಇನ್ನೊಂದು ಜೊತೆ, ಜೊತೆಗೆ ಕೂದಲು ಒಣಗಿಸುವ ಸಮಯ. ನೀರಿನ ಸದ್ದಿನಲ್ಲಿ ಮಾತು ಮುಳುಗುವುದರಿಂದ ಡಬ್ಬಿಂಗ್ ಖರ್ಚೂ ಸೇರುತ್ತದೆ. ಅರ್ಧ ದಿನ ಹೋಯಿತು! ಈ ಮಳೆ ಕಥೆಗೆ ಬೇಕೇ ಎಂದು ಬರವಣಿಗೆಯ ಹಂತದಲ್ಲೇ ಕೇಳಿದರೆ ಅದು ಚರ್ಚೆ, ಶೂಟಿಂಗ್ ದಿನ ಕೇಳಿದರೆ ಜಗಳ.

ಬಜೆಟ್ಟಿನಲ್ಲಿ ಅನಿರೀಕ್ಷಿತ ಖರ್ಚಿಗೆಂದು ಸಾಮಾನ್ಯವಾಗಿ ಶೇ 10ರಷ್ಟು ತೆಗೆದಿಡುತ್ತಾರೆ. ಮೊದಲ ವಾರದಲ್ಲೇ ಅದಕ್ಕೆ ಕೈಹಾಕಿದ ಚಿತ್ರ ಎಡಿಟಿಂಗ್ ಹೊತ್ತಿಗೆ ಸಾಲ ಹುಡುಕುತ್ತದೆ. ಕೊಟ್ಟ ಹಣವನ್ನಷ್ಟೇ ಬರೆದಿಟ್ಟರೆ ಸಾಲದು. ಒಪ್ಪಿಕೊಂಡಿದ್ದರೂ ಇನ್ನೂ ಬಿಲ್ ಬಾರದ ಬಾಬ್ತು, ಕೆಲಸ ಮುಗಿಸಲು ಇನ್ನೆಷ್ಟು ಬೇಕೆಂಬ ಅಂದಾಜು, ಇವೆರಡೂ ವಾರಕ್ಕೊಮ್ಮೆ ಲೆಕ್ಕದ ಹಾಳೆಗೆ ಬರಬೇಕು. ಕೈಯಲ್ಲಿ ಹಣ ಉಳಿದಂತೆ ಕಾಣುವ ವಾರಗಳೇ ಅಪಾಯದವು.

ಧಾರಾವಾಹಿಯ ಕಷ್ಟ ಬೇರೆ ತರಹದ್ದು; ಪ್ರಸಾರದ ದಿನ ಯಾರಿಗೂ ಕಾಯುವುದಿಲ್ಲ. ಒಂದೇ ಸೆಟ್ಟಿನಲ್ಲಿ ನಡೆಯುವ ಹಲವು ಕಂತುಗಳ ಸೀನುಗಳನ್ನು ಒಟ್ಟಿಗೆ ಚಿತ್ರಿಸಿ, ಸಿದ್ಧ ಕಂತುಗಳ ಬ್ಯಾಂಕ್ ಇಟ್ಟುಕೊಳ್ಳಬೇಕು. ಬ್ಯಾಂಕ್ ಕರಗಿದ್ದು ನೋಡುಗರಿಗೂ ಗೊತ್ತಾಗುತ್ತದೆ: ಫ್ಲ್ಯಾಶ್‌ಬ್ಯಾಕ್ ಉದ್ದವಾಗುತ್ತದೆ, ಒಂದೇ ಮುಖಕ್ಕೆ ಮೂರು ಸಲ ಝೂಮ್ ಆಗುತ್ತದೆ.

ಹಕ್ಕುಪತ್ರಗಳ ಕಡೆಗಂತೂ ಹೆಚ್ಚಿನವರಿಗೆ ಗಮನವೇ ಇಲ್ಲ. ಕಾದಂಬರಿ ಆಧರಿಸಿದ ಕಥೆಯಾದರೆ ನಿಗದಿತ ಅವಧಿಗೆ ಹಕ್ಕು ಕಾಯ್ದಿರಿಸುವ ಒಪ್ಪಂದ ಬೇಕು. ಅವಧಿ ಮುಗಿಯುವ ಮುನ್ನ ನವೀಕರಿಸದಿದ್ದರೆ ವರ್ಷಗಟ್ಟಲೆ ತಿದ್ದಿದ ಸ್ಕ್ರಿಪ್ಟ್ ಉಪಯೋಗಕ್ಕೆ ಬಾರದು. ಸೀನಿನಲ್ಲಿ ರೇಡಿಯೊದಿಂದ ಹಾಡು ಕೇಳಿಸಿದರೆ ರಚನೆಗೊಂದು, ಧ್ವನಿಮುದ್ರಣಕ್ಕೊಂದು ಅನುಮತಿ ಬೇಕು. ಮಾರಾಟದ ಹೊತ್ತಿಗೆ ವಾಹಿನಿಯವರು, ಹಕ್ಕು ಯಾರಿಂದ ಯಾರಿಗೆ ಬಂತೆಂದು ತೋರಿಸುವ ಈ ಕಾಗದಗಳ ಸರಪಳಿಯನ್ನು ಕೇಳುತ್ತಾರೆ. ಮಾತು ತೆಗೆದು ಸಂಗೀತ ಮತ್ತು ಸದ್ದುಗಳನ್ನಷ್ಟೇ ಉಳಿಸಿದ ಟ್ರ್ಯಾಕ್ ಇಲ್ಲದಿದ್ದರೆ ಬೇರೆ ಭಾಷೆಗೆ ಡಬ್ ಮಾಡಲು ಸದ್ದನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತದೆ.

ಆಸ್ಕರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ವೇದಿಕೆಯಲ್ಲಿ ಸ್ವೀಕರಿಸುವವರು ನಿರ್ಮಾಪಕರೇ. ಅಲ್ಲಿಗೆ ಹೋಗುವ ಮೆಟ್ಟಿಲು ಮಾತ್ರ ಪ್ರೊಡಕ್ಷನ್ ಅಸಿಸ್ಟೆಂಟ್, ಕೋಆರ್ಡಿನೇಟರ್, ಮ್ಯಾನೇಜರ್, ಲೈನ್ ಪ್ರೊಡ್ಯೂಸರ್ (ಬಜೆಟ್ ಮತ್ತು ಶೂಟಿಂಗಿನ ದಿನನಿತ್ಯದ ಉಸ್ತುವಾರಿ ನೋಡುವವರು) ಎಂದು ಸಾಗುತ್ತದೆ. ಕಥಾವಿಭಾಗದಿಂದ ಬರುವವರೂ ಇದ್ದಾರೆ. ಕಥೆಯ ಕಡೆಯಿಂದ ಬಂದವರಿಗೆ ಲೆಕ್ಕ ಕಡಿಮೆ, ಈ ಮೆಟ್ಟಿಲು ಹತ್ತಿ ಬಂದವರಿಗೆ ಕಥೆ ಕಡಿಮೆ. ಸ್ಟಾರ್‌ಗಳ ಪರಿಚಯಕ್ಕೆ ಅಲೆಯುವುದಕ್ಕಿಂತ ಚಿತ್ರದ ಖರ್ಚುವೆಚ್ಚದ ಲೆಕ್ಕ ಇಡುವ ಪ್ರೊಡಕ್ಷನ್ ಅಕೌಂಟೆಂಟ್ ಕೈಕೆಳಗೆ ಒಂದು ಚಿತ್ರ ಮುಗಿಸುವುದು ಲಾಭ. ತಮ್ಮ ಪತ್ರಿಕೆ ಮುಂದೆ ಚಿತ್ರರಂಗದ ಉದ್ಯೋಗಗಳ ಪಟ್ಟಿ ಕೊಡುವಾಗ ಈ ಅಕೌಂಟೆಂಟ್ ಹುದ್ದೆಯನ್ನೂ ಸೇರಿಸಬೇಕೆಂದು ಕೋರಿಕೆ.

– ನಿರ್ಮಾಣ ವಿಭಾಗದ ಓದುಗರು