ಹಾಸನಕ್ಕೆ ಕಪಿಲ ಬರುತ್ತಿದ್ದಾನೆ

ಬರ್ಲಿನ್,
ನವೆಂಬರ್ ಕೊನೆಯ ವಾರ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ, ನಾಲ್ಕು ಗಂಟೆಗೆಲ್ಲ ಕತ್ತಲು. ನೀನು ಕಳಿಸಿದ ಚಟ್ನಿಪುಡಿ ಇನ್ನೂ ಇದೆ.

ತಮ್ಮ ಮೊನ್ನೆ ಒಂದು ಪೋಸ್ಟರಿನ ಫೋಟೋ ಕಳಿಸಿದ್ದ. ಹೆಗ್ಗೋಡಿನ ನೀನಾಸಂನವರು ಊರೂರಿಗೆ ಒಯ್ಯುವ 'ತಿರುಗಾಟ'ದ ನಾಟಕ ಡಿಸೆಂಬರಿನಲ್ಲಿ ನಮ್ಮ ಹಾಸನಾಂಬ ಕಲಾಕ್ಷೇತ್ರಕ್ಕೆ ಬರುತ್ತಂತೆ. ತಂಡದಲ್ಲಿ ನನ್ನ ಕಾಲೇಜು ಗೆಳೆಯ, ನಮ್ಮ ಕಪಿಲನೂ ಇದ್ದಾನೆ. ಅದನ್ನು ಫೋನಿನಲ್ಲಿ ಹೇಳಿದಾಗ ನೀನು ಕೇಳಿದೆ, "ಆ ಹುಡುಗ ಇನ್ನೂ ನಾಟಕಾನೇ ಮಾಡ್ಕೊಂಡಿದ್ದಾನಾ? ಜೀವನಕ್ಕೆ ಏನ್ ಮಾಡ್ತಾನೆ ಪಾಪ?" ಪಕ್ಕದಲ್ಲಿ ಅಪ್ಪ "ಓದಿರೋ ಹುಡುಗ" ಅಂದದ್ದೂ ಕೇಳಿಸಿತು. ಅವನ ಮೇಲಿನ ಅಕ್ಕರೆಗೇ ಕೇಳಿದ್ದೀರಿ, ಗೊತ್ತು. ಆದರೆ ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ ಇದು. ನೀವಿಬ್ಬರೂ ಆ ನಾಟಕಕ್ಕೆ ಹೋಗಬೇಕು. ಹೋಗುವ ಮೊದಲು ಅವನ ಕೆಲಸ ಎಂಥದ್ದು ಅಂತ ನಿಮಗೆ ಗೊತ್ತಿರಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅವನ ಊರು ಮಳವಳ್ಳಿ ಕಡೆ ಅಲ್ವಾ. ಆ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಅಂದರೆ ಪ್ರಾಣ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಗದ್ದೆ ಕೆಲಸ ಮುಗಿಸಿ ಬಂದವರು ರಾತ್ರಿ ಕೂತು ಕಂದಪದ್ಯ ಬಾಯಿಪಾಠ ಮಾಡುತ್ತಾರೆ. ಪಾರ್ಟು ಮಾಡುವವರೇ ಕೈಯಿಂದ ದುಡ್ಡು ಹಾಕಬೇಕು. ದೊಡ್ಡ ಪಾರ್ಟಿಗೆ ಜಾಸ್ತಿ, ಸಣ್ಣದಕ್ಕೆ ಕಮ್ಮಿ. ಸೀನರಿ, ಡ್ರೆಸ್ಸು ಎಲ್ಲ ಬಾಡಿಗೆಗೆ ಬರುತ್ತವೆ. ಕಪಿಲನ ಅಪ್ಪ ಭೀಮನ ಪಾರ್ಟು ಮಾಡುತ್ತಿದ್ದರು. ಬೆಳಗಿನ ಜಾವ ಗದಾಯುದ್ಧ ಬರುವ ಹೊತ್ತಿಗೆ ಇವನು ಅವ್ವನ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದನಂತೆ. ಅಪ್ಪನ ಧ್ವನಿ ಕೇಳಿದ ಕೂಡಲೇ ಎದ್ದು ಕೂರುತ್ತಿದ್ದನಂತೆ.

ಆ ಧ್ವನಿಯನ್ನೇ ಹೊತ್ತುಕೊಂಡು ಮೈಸೂರಿಗೆ ಬಂದ. ಕಾಲೇಜು ನಾಟಕದ ಮೊದಲ ರಿಹರ್ಸಲ್‌ನಲ್ಲಿ ಎರಡು ಸಾಲು ಓದಿಸಿದರು. ಕಾರಿಡಾರಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. ಆ ಧ್ವನಿಯನ್ನು ಇಳಿಸುವುದಕ್ಕೇ ಅವನಿಗೆ ವಾರಗಳು ಬೇಕಾದವು. "ಎದುರಿಗೆ ನಿಂತಿರೋ ಗೆಳೆಯನಿಗೆ ಹೇಳು, ಪಕ್ಕದೂರಿಗಲ್ಲ" ಅಂತ ನಿರ್ದೇಶಕರು ದಿನಾ ಹೇಳುತ್ತಿದ್ದರು. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಎಲ್ಲರೂ ಟೀ ಕುಡಿಯಲು ಹೋದಾಗ ಗೋಡೆ ಪಕ್ಕ ನಿಂತು ಅದೇ ಸಾಲನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ.

ನಾಟಕ ಗಿರೀಶ ಕಾರ್ನಾಡರ 'ಹಯವದನ'. ಅದರಲ್ಲಿ ಕಪಿಲನ ಪಾರ್ಟು ಮಾಡಿದ, ಅವನಿಗೆ ಕಪಿಲ ಅನ್ನುವ ಹೆಸರು ಅಂಟಿದ್ದೇ ಅಲ್ಲಿಂದ. ನಾನು ಒಂದು ಗೊಂಬೆಯ ಪಾರ್ಟು ಮಾಡಿದ್ದೆ. ನೀವಿಬ್ಬರೂ ಬೆಳಗಿನ ಬಸ್ಸಿಗೆ ಹೊರಟು ಬಂದು ನೋಡಿದ್ದಿರಿ. ಅಪ್ಪನಿಗೆ ಭಾಗವತನ ಹಾಡು ತುಂಬಾ ಹಿಡಿಸಿತ್ತು. ಕಥೆ ನೆನಪಿದೆಯಾ? ದೇವದತ್ತ ಓದಿದವನು, ಮೆತ್ತಗಿನ ಮೈಯವನು. ಕಪಿಲ ಕಮ್ಮಾರನ ಮಗ, ಕಬ್ಬಿಣದಂಥ ಮೈ. ಕಾಳಿಯ ಗುಡಿಯಲ್ಲಿ ಇಬ್ಬರ ತಲೆ ಅದಲುಬದಲಾಗುತ್ತದೆ. ನಮ್ಮ ನಾಟಕದಲ್ಲಿ ಮುಖವಾಡ ಇರಲಿಲ್ಲ. ಹಾಗಾಗಿ ತಲೆ ಬದಲಾದದ್ದನ್ನು ನಟ ತನ್ನ ಮೈಯಿಂದಲೇ ತೋರಿಸಬೇಕಿತ್ತು.

ಅದಕ್ಕೆ ಅವನು ಪಟ್ಟ ಶ್ರಮ ನಾನು ಕಣ್ಣಾರೆ ಕಂಡದ್ದು. ಬೆಳಗ್ಗೆ ಐದಕ್ಕೆಲ್ಲ ಮೈಸೂರಿನ ಒಂದು ಗರಡಿ ಮನೆಗೆ ಹೋಗುತ್ತಿದ್ದ. ಗದೆ ತಿರುಗಿಸುವುದು, ಸಾಮು ಮಾಡುವುದು ಎಲ್ಲ ಕಲಿತ. ಅಷ್ಟು ಆದ ಮೇಲೆ ಲೈಬ್ರರಿಗೆ ಬಂದು ಸುಮ್ನೆ ಕೂರುತ್ತಿದ್ದ. ಓದುವವರು ಹೇಗೆ ಕೂರುತ್ತಾರೆ, ಭಾರದ ಪುಸ್ತಕ ಎತ್ತುವಾಗ ಯಾವ ಕೈ ಮುಂದೆ ಬರುತ್ತದೆ, ಮೆಟ್ಟಿಲು ಹತ್ತಿ ಬಂದವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಇದನ್ನೆಲ್ಲ ನೋಡುತ್ತಿದ್ದ. ನಾಟಕದ ಕೊನೆಯ ಭಾಗದಲ್ಲಿ ಕಪಿಲ ಕಾಡಿನಲ್ಲಿ ಇರುತ್ತಾನೆ. ಆ ಹೊತ್ತಿಗೆ ನನ್ನ ಪಾರ್ಟು ಮುಗಿದಿರುತ್ತಿತ್ತು, ಸೈಡ್ ವಿಂಗಿನಲ್ಲಿ ನಿಂತು ನೋಡುತ್ತಿದ್ದೆ. ಕೊಡಲಿ ಎತ್ತುವ ಮೊದಲು ಅವನು ಒಂದು ಗಳಿಗೆ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಇದು ಯಾರ ಕೈ ಅನ್ನುವ ಹಾಗೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಪುಸ್ತಕದಲ್ಲಿಯೂ ಇಲ್ಲ. ಇವನು ನಟನೇ ಆಗುತ್ತಾನೆ ಅಂತ ನನಗೆ ಆಗಲೇ ಗಟ್ಟಿಯಾಯಿತು.

ಅವನಿಗೆ ಗಟ್ಟಿಯಾದದ್ದು 2010ರಲ್ಲಿ, ಮೈಸೂರಿನ ನಾಟಕ ಸಂಸ್ಥೆ ರಂಗಾಯಣದವರು 'ಮಲೆಗಳಲ್ಲಿ ಮದುಮಗಳು' ಆಡಿದಾಗ. ಕುವೆಂಪು ಕಾದಂಬರಿಯನ್ನು ಸಿ. ಬಸವಲಿಂಗಯ್ಯ ನಾಟಕ ಮಾಡಿಸಿದ್ದು. ರಾತ್ರಿ ಶುರುವಾದರೆ ಬೆಳಗಿನವರೆಗೆ ಒಂಬತ್ತು ಗಂಟೆ. ಒಂದು ರಂಗದಿಂದ ಇನ್ನೊಂದಕ್ಕೆ ಜನರೂ ಎದ್ದು ನಡೆಯಬೇಕು. ನಾವೆಲ್ಲ ಚಾಪೆ, ಶಾಲು ಹೊತ್ತುಕೊಂಡು ಹೋಗಿದ್ದೆವು. ಬೆಳಕು ಹರಿಯುವಾಗ ನಮ್ಮ ಗುಂಪಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಆಚೆ ಬಂದು ಇಡ್ಲಿ ತಿನ್ನುವಾಗ ಹೇಳಿದ, "ನಾನು ಇದೇ ಕೆಲಸ ಮಾಡ್ತೀನಿ. ಅಪ್ಪ ರಾತ್ರಿ ಮಾತ್ರ ಮಾಡ್ತಿದ್ರು, ನಾನು ಹಗಲೂ ಮಾಡ್ತೀನಿ."

ಡಿಗ್ರಿ ಮುಗಿದ ಮೇಲೆ ನಾವೆಲ್ಲ ಬೆಂಗಳೂರಿನ ದಾರಿ ಹಿಡಿದೆವು. ಅವನು ಸಾಗರದ ಬಸ್ಸು ಹತ್ತಿ ಹೆಗ್ಗೋಡಿಗೆ ಹೋದ. ಅಮ್ಮ, ಆ ಊರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಡಿಕೆ ತೋಟಗಳ ನಡುವಿನ ಸಣ್ಣ ಹಳ್ಳಿ. 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಊರಿನವರು ಸೇರಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ನೀನಾಸಂ ಅಂದರೆ ಅದೇ. ಸುಬ್ಬಣ್ಣನವರು ಸ್ವತಃ ಅಡಿಕೆ ಬೆಳೆಗಾರರು. 1980ರಲ್ಲಿ ನಟರನ್ನು ತಯಾರು ಮಾಡುವ ಶಾಲೆ ಶುರು ಮಾಡಿದರು. 1985ರಲ್ಲಿ ತಿರುಗಾಟ. ಈ ಕೆಲಸಕ್ಕೇ 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾಟಕ ನೋಡಬೇಕು ಅಂದರೆ ದೊಡ್ಡ ಊರಿಗೇ ಹೋಗಬೇಕಾ, ನಾಟಕವೇ ಊರೂರಿಗೆ ಬರಲಿ ಅಂತ ಮಾಡಿದ ಏರ್ಪಾಟು ಇದು. ಹಾಸನದಲ್ಲಿ ಕೂತು ನೀವು ಈಗ ಒಳ್ಳೆಯ ನಾಟಕ ನೋಡುತ್ತಿರುವುದು ಅವರಿಂದ.

ಶಾಲೆಯಲ್ಲಿ ಬರೀ ಮಾತು ಹೇಳುವುದನ್ನು ಕಲಿಸುವುದಿಲ್ಲ. ಮರಗೆಲಸ, ಲೈಟು, ಮೇಕಪ್, ಹಾಡು, ಯಕ್ಷಗಾನದ ಹೆಜ್ಜೆ ಎಲ್ಲಾ ಇದೆ. ಆಮೇಲೆ ತಿರುಗಾಟ ಸೇರಿದರೆ ಅದೆಲ್ಲ ದಿನಾ ಬೇಕು. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ಕೂತು ನಾಟಕ ಕಟ್ಟುತ್ತಾರೆ. ಮಳೆ ಹೋದ ಮೇಲೆ ಹೊರಡುತ್ತಾರೆ. ನಟರು, ತಂತ್ರಜ್ಞರು ಸೇರಿ ಹದಿನೈದಿಪ್ಪತ್ತು ಜನ, ಜೊತೆಗೆ ಸೆಟ್ಟು, ಲೈಟು, ಡ್ರೆಸ್ಸಿನ ಪೆಟ್ಟಿಗೆ. ಊರು ಮುಟ್ಟಿದ ಕೂಡಲೇ ಸಾಮಾನು ಇಳಿಸಬೇಕು. ಮಧ್ಯಾಹ್ನದೊಳಗೆ ಸೆಟ್ಟು ನಿಲ್ಲಿಸಿ ಲೈಟು ಕಟ್ಟಬೇಕು. ಸಂಜೆ ನಾಟಕ. ಮುಗಿದ ಮೇಲೆ ಅದನ್ನೆಲ್ಲ ಬಿಚ್ಚಿ ಮತ್ತೆ ಗಾಡಿಗೆ ಏರಿಸಬೇಕು. ಮಲಗಲು ಒಂದು ಊರಿನಲ್ಲಿ ಕಲ್ಯಾಣ ಮಂಟಪ, ಇನ್ನೊಂದು ಊರಿನಲ್ಲಿ ಶಾಲೆಯ ಕೋಣೆ. ರಾಜನ ಪಾರ್ಟು ಮಾಡಿದವನೇ ಏಣಿ ಹತ್ತಿ ಲೈಟು ಬಿಚ್ಚುತ್ತಾನೆ. ಇದು ತಿಂಗಳುಗಟ್ಟಲೆ ನಡೆಯುತ್ತದೆ.

ಇನ್ನು ನಿನ್ನ ಪ್ರಶ್ನೆ. ಸಂಬಳ ಇದೆ ಅಮ್ಮ. ಕಮ್ಮಿ, ಆದರೆ ಇದೆ. ನಡುವೆ ಕೆಲವು ವರ್ಷ ಬೆಂಗಳೂರಿನಲ್ಲಿ ಧಾರಾವಾಹಿಗಳಲ್ಲೂ ಮಾಡಿದ. ನೀನೇ ಒಮ್ಮೆ ಲಾಯರ್ ವೇಷದಲ್ಲಿ ನೋಡಿ ನನಗೆ ಫೋನ್ ಮಾಡಿದ್ದೆ. ಅಲ್ಲಿ ದಿನದ ಲೆಕ್ಕದಲ್ಲಿ ದುಡ್ಡು. ಒಂದು ತಂಡದವರು ದುಡ್ಡು ಕೊಡಲು ತಿಂಗಳುಗಟ್ಟಲೆ ಸತಾಯಿಸಿದರು. ಆದರೂ ಆ ದುಡ್ಡಿನಲ್ಲೇ ಊರಿನ ಮನೆಗೆ ತಾರಸಿ ಹಾಕಿಸಿದ, ತಂಗಿಯನ್ನು ಓದಿಸಿದ. ಬೇಸಿಗೆ ರಜೆಯಲ್ಲಿ ಮಕ್ಕಳ ರಂಗಶಿಬಿರ ನಡೆಸುತ್ತಾನೆ. ಈ ವರ್ಷ ತಾನೇ ಕೇಳಿಕೊಂಡು ತಿರುಗಾಟಕ್ಕೆ ಮರಳಿದ್ದಾನೆ. ಟಿವಿಯಲ್ಲಿ ಅವನ ಮುಖ ಮಾತ್ರ ಕಾಣುತ್ತಿತ್ತು. ಅವನ ನಟನೆ ಬೆನ್ನಲ್ಲಿದೆ, ಪಾದದಲ್ಲಿದೆ. ಅದನ್ನು ರಂಗದ ಮೇಲೇ ನೋಡಬೇಕು.

ಇಲ್ಲಿ ನಾಟಕ ನೋಡುವಾಗೆಲ್ಲ ನನಗೆ ಅವನೇ ನೆನಪಾಗುತ್ತಾನೆ. ಸ್ಪ್ರೇ ನದಿಯ ಪಕ್ಕ ಬರ್ಲಿನರ್ ಆನ್ಸಾಂಬ್ಲ್ ಅಂತ ನಾಟಕದ ಮನೆ ಇದೆ. ಆ ತಂಡವನ್ನು ಜರ್ಮನ್ ನಾಟಕಕಾರ ಬ್ರೆಕ್ಟ್ ಮತ್ತು ಅವನ ಹೆಂಡತಿ ಹೆಲೆನ್ ವೈಗೆಲ್ ಕಟ್ಟಿದ್ದೂ 1949ರಲ್ಲೇ. ಯುದ್ಧದಲ್ಲಿ ಪುಡಿಯಾದ ಊರಿನಲ್ಲಿ ಇವರು, ಅಡಿಕೆ ತೋಟದಲ್ಲಿ ಅವರು, ಒಂದೇ ವರ್ಷ ನಾಟಕಕ್ಕೆ ಕೈ ಹಾಕಿದ್ದಾರೆ ನೋಡಿ. ಈ ದೇಶದಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ನಾಟಕ ಸಂಸ್ಥೆಗಳು ಸುಮಾರು 140 ಇವೆ. ನಟರಿಗೆ ತಿಂಗಳ ಸಂಬಳ. ಆದರೆ ಕರಾರು ಸಾಮಾನ್ಯವಾಗಿ ವರ್ಷ ವರ್ಷದ್ದು, ಮುಂದಿನ ವರ್ಷ ಇರುತ್ತದೋ ಇಲ್ಲವೋ ಅನ್ನುವ ಚಿಂತೆ ಇವರಿಗೂ ಇದೆ. ಇಷ್ಟು ಶ್ರೀಮಂತ ದೇಶದಲ್ಲೂ ನಟನ ಬದುಕು ಹೀಗೇ. ಹಾಗಿರುವಾಗ ನಮ್ಮ ಹುಡುಗ ಇಷ್ಟು ವರ್ಷ ಗಟ್ಟಿಯಾಗಿ ನಿಂತಿದ್ದಾನಲ್ಲ, ನನಗೆ ಅದು ದೊಡ್ಡ ವಿಷಯ.

ಇನ್ನೊಂದು ಸಂಗತಿ ಅಪ್ಪನಿಗೆ ಇಷ್ಟವಾಗುತ್ತದೆ. ತಲೆ ಬದಲಾಗುವ ಆ ಕಥೆ ನಮ್ಮ ಬೇತಾಳನ ಕಥೆಗಳದ್ದು. ಅದನ್ನು ಥಾಮಸ್ ಮಾನ್ ಅನ್ನುವ ಜರ್ಮನ್ ಲೇಖಕ 1940ರಲ್ಲಿ ತನ್ನ ರೀತಿಯಲ್ಲಿ ಬರೆದ. ಅದನ್ನು ಓದಿಕೊಂಡೇ ಕಾರ್ನಾಡರು ನಾಟಕ ಬರೆದದ್ದು. ಆ ನಾಟಕ ತಿರುಗಿ ಈ ದೇಶಕ್ಕೂ ಬಂತು. 1984ರಲ್ಲಿ ನಮ್ಮ ದೇಶದ ನಿರ್ದೇಶಕಿ ವಿಜಯಾ ಮೆಹ್ತಾ ವೈಮಾರ್ ಊರಿನಲ್ಲಿ ಜರ್ಮನ್ ನಟರಿಂದ ಅದನ್ನು ಆಡಿಸಿದರು. ಥಾಮಸ್ ಮಾನ್ ಪುಸ್ತಕ ಇಲ್ಲಿನ ಲೈಬ್ರರಿಯಲ್ಲಿ ಸಿಕ್ಕಿದ ದಿನವೇ ಕಪಿಲನಿಗೆ ಫೋನ್ ಮಾಡಿದೆ. ಅವನು ಯಾವುದೋ ಊರಿನಲ್ಲಿ ಸೆಟ್ಟು ಇಳಿಸುತ್ತಿದ್ದ. ಎಲ್ಲ ಕೇಳಿಸಿಕೊಂಡು ಒಂದೇ ಒಂದು ಕೇಳಿದ, "ಅಲ್ಲಿ ಕಪಿಲನ ಪಾರ್ಟು ಮಾಡಿದೋನು ಕೊಡಲಿ ಹೇಗೆ ಹಿಡಿದಿದ್ನಂತೆ?"

ಈಗ ಡಿಸೆಂಬರಿನ ಮಾತು. ಟಿಕೆಟ್ ತೆಗೆದುಕೊಂಡೇ ಹೋಗಿ. ಪಾಸ್ ಕೇಳಬೇಡಿ, ಅಪ್ಪ. ಅವನು ಕೊಡಿಸುತ್ತಾನೆ, ಆದರೆ ನೀವು ಕೊಟ್ಟ ದುಡ್ಡು ಆ ತಂಡಕ್ಕೆ ಬೇಕು. ಅರ್ಧ ಗಂಟೆ ಮೊದಲೇ ಹೋಗಿ, ಮೂರನೇ ನಾಲ್ಕನೇ ಸಾಲಿನಲ್ಲಿ ಕೂರಿ. ಅಲ್ಲಿಂದ ಪಾದ ಚೆನ್ನಾಗಿ ಕಾಣುತ್ತದೆ. ನಾಟಕಕ್ಕೆ ಮೊದಲು ಒಳಗೆ ಹೋಗಿ ಮಾತಾಡಿಸಬೇಡಿ. ಆ ಹೊತ್ತಿನಲ್ಲಿ ಅವನು ಯಾರ ಜೊತೆಗೂ ಮಾತಾಡುವುದಿಲ್ಲ, ಏನೂ ತಿನ್ನುವುದೂ ಇಲ್ಲ. ಮುಗಿದ ಮೇಲೆ ಹೋಗಿ. ಆಗ ಅವನು ಹಳೇ ಬನಿಯನ್ ಹಾಕಿಕೊಂಡು ಸೆಟ್ಟು ಬಿಚ್ಚುತ್ತಿರುತ್ತಾನೆ. ಅಯ್ಯೋ ಅನ್ನಬೇಡ ಅಮ್ಮ. ಅದೂ ಅವನ ಕೆಲಸವೇ, ಅದರಲ್ಲೂ ಅವನು ಚುರುಕು.

ಆಮೇಲೆ ಮನೆಗೆ ಕರೆದುಕೊಂಡು ಬನ್ನಿ. ಜೊತೆಗೆ ಇಬ್ಬರು ಮೂವರು ಬಂದರೂ ಬರಲಿ, ಜಾಸ್ತಿಯೇ ಅಡುಗೆ ಮಾಡು. ಆ ಹೊತ್ತಿಗೆ ಸೊಗಡಿನ ಅವರೆಕಾಯಿ ಬಂದಿರುತ್ತದೆ. ಹಿತಕಿದ ಬೇಳೆ ಸಾರು, ಮುದ್ದೆ ಸಾಕು. ಅವನು ಮುದ್ದೆ ಕಂಡರೆ ಬೇರೆ ಏನೂ ಕೇಳುವುದಿಲ್ಲ. ಮದುವೆ ಯಾವಾಗ ಅಂತ ಮಾತ್ರ ಕೇಳಬೇಡ. ಅವನ ಅವ್ವ ದಿನಾ ಕೇಳುತ್ತಾರೆ, ಅಷ್ಟು ಸಾಕು. ಕೇಳುವುದಾದರೆ ಅವನ ಅಪ್ಪನ ಭೀಮನ ಪಾರ್ಟಿನ ಬಗ್ಗೆ ಕೇಳಿ. ಈಗ ಅವರಿಲ್ಲ. ಊಟ ಆದ ಮೇಲೆ ಅಪ್ಪ ಕೇಳಿದರೆ ಗದಾಯುದ್ಧದ ಒಂದು ಕಂದಪದ್ಯ ಹಾಡಿಯೇ ಹಾಡುತ್ತಾನೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ನಿಮಗೆ ರಾತ್ರಿ ಹನ್ನೊಂದಾದರೂ ಇಲ್ಲಿ ಸಂಜೆ ಆರೂವರೆ, ನಾನು ಮನೆಯಲ್ಲೇ ಇರುತ್ತೇನೆ. ಫೋನ್ ಮಾಡಿ. ಯಾವ ಪಾರ್ಟು ಮಾಡಿದ, ಹೇಗೆ ನಡೆದ, ಜನ ಎಲ್ಲಿ ಚಪ್ಪಾಳೆ ಹೊಡೆದರು, ಎಲ್ಲಾ ನನಗೆ ಬೇಕು. ಅಪ್ಪ ಬಿಪಿ ಮಾತ್ರೆ ತಪ್ಪಿಸಬಾರದು. ತಮ್ಮನಿಗೆ ನನ್ನ ನೆನಪು ಹೇಳಿ.

ನಿಮ್ಮ
ಪುಟ್ಟಿ