ಎದೆ ಹಿಡಿದವರಿಗೆ ಗ್ಯಾಸ್ ಮಾತ್ರೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಹೃದಯಾಘಾತದ ಸುದ್ದಿಗಳಲ್ಲಿ ಒಂದು ಸಾಲು ಸಾಮಾನ್ಯ: ‘ಎದೆನೋವು ಕಾಣಿಸಿಕೊಂಡಿತ್ತು, ಆಸ್ಪತ್ರೆಗೆ ಸಾಗಿಸುವ ಮಾರ್ಗಮಧ್ಯೆ ಕೊನೆಯುಸಿರೆಳೆದರು.’ ನೋವು ಶುರುವಾದ ಹೊತ್ತಿಗೂ ಆಸ್ಪತ್ರೆಗೆ ಹೊರಟ ಹೊತ್ತಿಗೂ ನಡುವೆ ಏನಾಯಿತು ಅನ್ನೋದು ಮಾತ್ರ ಸುದ್ದಿಯಲ್ಲಿ ಬರುವುದಿಲ್ಲ. ಎಷ್ಟೋ ಸಲ ಆ ನಡುವೆ ಒಂದು ಮೆಡಿಕಲ್ ಶಾಪ್ ಇರುತ್ತದೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಅಂಥದ್ದೇ ಅಂಗಡಿ ನಡೆಸುತ್ತೇನೆ. ಅದಕ್ಕೇ ಈ ಪತ್ರ.

2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೆಸರು ದಿನಾ ಟಿವಿಯಲ್ಲಿ ಬರುತ್ತಿತ್ತು. ಹೃದಯಾಘಾತದಿಂದ ಸಾಲು ಸಾಲು ಸಾವು ಅಂತ ಜನ ಹೆದರಿ, ಏನೂ ತೊಂದರೆ ಇಲ್ಲದವರೂ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ ನಿಂತರು. ಆಮೇಲೆ ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಪರಿಶೀಲಿಸಿ, ಜಿಲ್ಲೆಯಲ್ಲಿ ಅಸಹಜ ಏರಿಕೆ ಏನೂ ಇಲ್ಲ ಅಂತ ವರದಿ ಕೊಟ್ಟಿತು. ಕೋವಿಡ್ ಲಸಿಕೆಯ ಮೇಲಿದ್ದ ಅನುಮಾನಕ್ಕೂ ಆಧಾರ ಸಿಗಲಿಲ್ಲ. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟು ಇದ್ದರು. ನನಗೆ ಮುಖ್ಯ ಅನಿಸಿದ್ದು ಇದೇ. ಹೊತ್ತಿಲ್ಲದ ಹೊತ್ತಿನಲ್ಲಿ ಊಟ, ಅರೆನಿದ್ದೆ, ಬೀಡಿ, ಗುಟ್ಕಾ, ಇಡೀ ದಿನ ಕೂತೇ ಕೆಲಸ. ಇವರು ನನ್ನ ಗಿರಾಕಿಗಳು. ಬಿಪಿ ನೋಡಿಸಿಕೊಳ್ಳಿ ಅಂದರೆ ‘ಟೈಮಿಲ್ಲ ಅಣ್ಣ’ ಅನ್ನುತ್ತಾರೆ.

ಆ ದಿನಗಳಲ್ಲಿ ನನ್ನ ಕೌಂಟರಿಗೆ ಜಾಸ್ತಿ ಬಂದದ್ದು ‘ರಕ್ತ ತೆಳು ಮಾಡೋ ಮಾತ್ರೆ’ ಕೇಳುವವರು. ವಾಟ್ಸ್ಆ್ಯಪ್‌ನಲ್ಲಿ ಬಂದ ಮೂರು ಮಾತ್ರೆಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದು, ಜೇಬಲ್ಲಿ ಇಟ್ಟುಕೊಳ್ಳೋಕೆ ಕೊಡಿ ಅಂದವರೂ ಇದ್ದರು. ಡಾಕ್ಟರ್ ಹೇಳದೆ ದಿನಾ ಆಸ್ಪಿರಿನ್ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ನಾಲಗೆ ಕೆಳಗೆ ಇಡುವ ಮಾತ್ರೆಯನ್ನು ಬಿಪಿ ಇಳಿದಿರುವಾಗ ಇಟ್ಟುಕೊಂಡರೆ ಅಲ್ಲೇ ಕುಸಿದು ಬೀಳಬಹುದು. ಡಾಕ್ಟರ್ ಚೀಟಿ ಇಲ್ಲದೆ ಇವನ್ನು ಕೊಡುವ ಅಂಗಡಿಯವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಗ್ಯಾಸ್ ಮಾತ್ರೆಯದ್ದು. ಎದೆಯಲ್ಲಿ ಏನೇ ಆದರೂ ನಮ್ಮ ಕಡೆ ಅದು ಗ್ಯಾಸ್ಟ್ರಿಕ್. ಒಂದು ಸೋಡಾ ಕುಡಿ, ಜೀರಿಗೆ ನೀರು ಕುಡಿ, ಆಗದಿದ್ದರೆ ಮೆಡಿಕಲ್‌ಗೆ ಹೋಗಿ ಒಂದು ಮಾತ್ರೆ ತಗೋ. ಹೋದ ಬೇಸಿಗೆಯಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ ಬಂದರು. ವಯಸ್ಸು ಐವತ್ತರ ಒಳಗೇ. ಫ್ಯಾನ್ ಕೆಳಗೆ ನಿಂತಿದ್ದರೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎರಡೂ ಅಂಗೈಯನ್ನು ಕೌಂಟರಿನ ಗಾಜಿನ ಮೇಲೆ ಊರಿಕೊಂಡು, ‘ಗ್ಯಾಸಿಗೆ ಏನಾದ್ರೂ ಕೊಡಿ’ ಅಂದರು. ಯಾವಾಗಿಂದ ಅಂತ ಕೇಳಿದೆ. ಬೆಳಿಗ್ಗೆ ಮೂಟೆ ಲೋಡ್ ಮಾಡಿಸುವಾಗ ಶುರುವಾಯಿತಂತೆ. ಎಲ್ಲಿ ನೋವು ಅಂದರೆ ಬೆರಳಿಟ್ಟು ತೋರಿಸಲಿಲ್ಲ, ಅಂಗೈ ಅಗಲಿಸಿ ಎದೆ ಪೂರ್ತಿ ಸವರಿದರು. ‘ನೋವಲ್ಲ, ಹಿಡಿದಂಗೆ ಆಗ್ತಿದೆ. ದವಡೆನೂ ಎಳೀತಿದೆ’ ಅಂದರು. ನಾನು ಮಾತ್ರೆ ಕೊಡಲಿಲ್ಲ. ಎದುರಿಗಿದ್ದ ಆಟೊ ಕರೆದು, ಅಂಗಡಿ ಹುಡುಗನನ್ನು ಜೊತೆಗೆ ಕೂರಿಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ‘ಸುಮ್ನೆ ಗಾಬರಿ ಮಾಡ್ತೀರಲ್ಲ’ ಅಂತ ಆಟೊ ಹತ್ತುವವರೆಗೂ ಬೈದರು.

ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಯಿತು. ಆಸ್ಪತ್ರೆಯವರು ಅದನ್ನು ಫೋನಿನಲ್ಲೇ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು, ಆಮೇಲೆ ಆಂಬುಲೆನ್ಸಿನಲ್ಲಿ ಎಂಜಿಯೋಗ್ರಾಂಗೆ ಕಳಿಸಿದರು. ಈ ಇಂಜೆಕ್ಷನ್ ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅದು ಉಚಿತ. 2021ರ ಅಕ್ಟೋಬರ್ 29ರಂದು ಅಪ್ಪು 46ನೇ ವಯಸ್ಸಿಗೆ ಹೋದಾಗ ಇಡೀ ರಾಜ್ಯ ಅತ್ತಿತು. ಅವರ ಹೆಸರಿನ ಯೋಜನೆ ತಮ್ಮೂರಿನ ಆಸ್ಪತ್ರೆಯಲ್ಲೇ ಇದೆ ಅನ್ನೋದು ಮಾತ್ರ ನನ್ನ ಗಿರಾಕಿಗಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಎದೆ ಹಿಡಿದವರನ್ನು ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ನೇರ ಬೆಂಗಳೂರಿಗೆ ಓಡಿಸುತ್ತಾರೆ. ಮೂರು, ನಾಲ್ಕು ಗಂಟೆ ದಾರಿ. ಹೃದಯಕ್ಕೆ ರಕ್ತ ಕೊಡುವ ನಾಳ ಮುಚ್ಚಿಹೋದ ಮೇಲೆ ಆ ಭಾಗದ ಮಾಂಸಖಂಡ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಇಂಜೆಕ್ಷನ್ ಮೊದಲ ಒಂದೆರಡು ಗಂಟೆಯಲ್ಲಿ ಮಾಡುವ ಕೆಲಸವನ್ನು ಆಮೇಲೆ ಮಾಡುವುದಿಲ್ಲ. ಮೊದಲು ಹತ್ತಿರದಲ್ಲಿ ಇಸಿಜಿ ಆಗಬೇಕು. ಬೆಂಗಳೂರು ಆಮೇಲೆ.

ಇಸಿಜಿ ಬಗ್ಗೆ ಇನ್ನೊಂದು ಮಾತು. ಮೊದಲನೇ ಸಲ ನಾರ್ಮಲ್ ಬಂತು ಅಂತ ಎದ್ದು ಮನೆಗೆ ಬರಬೇಡಿ. ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ಹೃದಯಕ್ಕೆ ಪೆಟ್ಟಾಗಿದೆಯೇ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಮಾಡಬೇಕು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಎಷ್ಟೋ ಸಲ ಎದೆನೋವೇ ಇರುವುದಿಲ್ಲ. ಬರೀ ಸುಸ್ತು, ಉಬ್ಬಸ, ತಣ್ಣನೆ ಬೆವರು, ವಾಕರಿಕೆ. ಮನೆಯ ಹೆಂಗಸರು ‘ಯಾಕೋ ಆಗ್ತಾ ಇಲ್ಲ’ ಅಂದರೆ ಕೆಲಸ ಜಾಸ್ತಿಯಾಗಿರಬೇಕು ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಮಾತ್ರೆ ತಗೊಂಡು ಹೋಗಲು ಅವರ ಬದಲು ಮಗ ಬರುತ್ತಾನೆ. ನಾವು ಅವರ ಮುಖವನ್ನೂ ನೋಡುವುದಿಲ್ಲ. ನನಗೆ ಅತಿ ಹೆಚ್ಚು ಭಯ ಇವರ ವಿಷಯದಲ್ಲೇ.

ಇನ್ನು ಕಾರಣ. ಇದರಲ್ಲಿ ನಿಗೂಢ ಏನೂ ಇಲ್ಲ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ ಜನರನ್ನು ನೋಡಿತ್ತು. ಅದರ ನೇತೃತ್ವ ವಹಿಸಿದ್ದ ಡಾ. ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದವರು. ತಂಬಾಕು, ಬಿಪಿ, ಶುಗರ್, ಕೆಟ್ಟ ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು–ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು ಇವೆಲ್ಲ ಸೇರಿದ ಒಂಬತ್ತು ಸಂಗತಿಗಳಲ್ಲೇ ಮೊದಲ ಹೃದಯಾಘಾತದ ಶೇ 90ರಷ್ಟು ಅಪಾಯ ಅಡಗಿದೆ ಅಂತ ಅದು ಹೇಳಿತು. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಬರುವುದು 53ರ ಆಸುಪಾಸು, ಬೇರೆ ಕಡೆಯವರಿಗಿಂತ ಐದಾರು ವರ್ಷ ಮುಂಚೆ. ಅಪ್ಪನಿಗೋ ಅಣ್ಣನಿಗೋ 55ರೊಳಗೆ ಬಂದಿದ್ದರೆ ಇನ್ನೂ ಎಚ್ಚರ ಬೇಕು.

ಈ ಪಟ್ಟಿಯಲ್ಲಿ ಬಿಪಿ ಇದೆಯಲ್ಲ, ಅದರ ಕಥೆ ನನ್ನ ಕೌಂಟರಿನಲ್ಲಿ ದಿನಾ ನಡೆಯುತ್ತದೆ. ಒಂದು ತಿಂಗಳು ಮಾತ್ರೆ ಒಯ್ಯುತ್ತಾರೆ, ಬಿಪಿ ಹದಕ್ಕೆ ಬರುತ್ತದೆ. ‘ನಾರ್ಮಲ್ ಆಯ್ತಲ್ಲ, ಇನ್ಯಾಕೆ?’ ಅಂತ ನಿಲ್ಲಿಸುತ್ತಾರೆ. ನಾರ್ಮಲ್ ಆಗಿದ್ದೇ ಮಾತ್ರೆಯಿಂದ ಅಲ್ವಾ? ಕೊಬ್ಬರಿ ರೇಟು ಬಿದ್ದಾಗ ಮನೆಯಲ್ಲಿ ಮೊದಲು ಕೈಬಿಡುವ ಖರ್ಚೂ ಇದೇ. ಅರ್ಧ ಸ್ಟ್ರಿಪ್ ಕೇಳುತ್ತಾರೆ, ದಿನ ಬಿಟ್ಟು ದಿನ ನುಂಗುತ್ತಾರೆ. ದುಡ್ಡಿನ ತೊಂದರೆ ಇದ್ದರೆ ದಯವಿಟ್ಟು ನನ್ನ ಅಂಗಡಿಗೆ ಬರಬೇಡಿ, ಜನೌಷಧಿ ಕೇಂದ್ರಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ ಕೊಡುತ್ತಾರೆ. ನನ್ನ ವ್ಯಾಪಾರ ಸ್ವಲ್ಪ ಕಡಿಮೆಯಾದರೆ ಆಗಲಿ, ಮಾತ್ರೆ ಮಾತ್ರ ಬಿಡಬೇಡಿ.

ಉಪ್ಪಿನ ವಿಷಯವನ್ನೂ ಹೇಳಬೇಕು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಸಾರು, ಉಪ್ಪಿನಕಾಯಿ, ಹಪ್ಪಳ, ಸಂಜೆಯ ಬೋಂಡ ಸೇರಿದರೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೀವೇ ನೋಡಿ. ಬೀಡಿ, ಸಿಗರೇಟು ಬಿಟ್ಟವರಿಗೆ ಒಂದೇ ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧದಷ್ಟು ಇಳಿಯುತ್ತದೆ. ಇಷ್ಟು ಬೇಗ ಫಲ ಕೊಡುವ ಔಷಧಿ ನನ್ನ ಅಂಗಡಿಯಲ್ಲಿ ಒಂದೂ ಇಲ್ಲ.

ನನ್ನ ಕೋರಿಕೆ ಎರಡು. ಮೊದಲನೆಯದು ಔಷಧ ವ್ಯಾಪಾರಿಗಳ ಸಂಘಗಳಿಗೆ ಮತ್ತು ಔಷಧ ನಿಯಂತ್ರಣ ಇಲಾಖೆಗೆ. ಎದೆ ಹಿಡಿತ, ಬೆವರು, ದವಡೆ ಅಥವಾ ಎಡಗೈ ಸೆಳೆತ ಅಂತ ಬಂದವರಿಗೆ ಗ್ಯಾಸ್ ಮಾತ್ರೆ ಕೊಡದೆ ಇಸಿಜಿಗೆ ಕಳಿಸಬೇಕು ಅಂತ ಪ್ರತಿ ಕೌಂಟರಿನಲ್ಲೂ ಒಂದು ಕನ್ನಡ ಫಲಕ ಕಡ್ಡಾಯ ಮಾಡಿ. ಕೌಂಟರಿನಲ್ಲಿ ನಿಲ್ಲುವ ಹುಡುಗ ಹುಡುಗಿಯರಿಗೆ ಅರ್ಧ ದಿನ ತರಬೇತಿ ಕೊಡಿ.

ಎರಡನೆಯದು ನಿಮಗೆ. ಜಿಲ್ಲೆಯ ಯಾವ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ಮಾಡುತ್ತಾರೆ, ಎಲ್ಲೆಲ್ಲಿ ಆ ಇಂಜೆಕ್ಷನ್ ಸಿಗುತ್ತದೆ ಅನ್ನುವ ಪಟ್ಟಿಯನ್ನು 108 ನಂಬರಿನ ಜೊತೆಗೆ ದಪ್ಪ ಅಕ್ಷರದಲ್ಲಿ ಜಿಲ್ಲಾ ಪುಟದಲ್ಲಿ ಹಾಕಿ. ನಾನು ಅದನ್ನು ಕತ್ತರಿಸಿ ಗಾಜಿಗೆ ಅಂಟಿಸುತ್ತೇನೆ. ಜೆರಾಕ್ಸ್ ಮಾಡಿಸಿ ಬಸ್ ಸ್ಟ್ಯಾಂಡಿನ ಆಟೊದವರಿಗೂ ಕೊಬ್ಬರಿ ಮಂಡಿಗಳಿಗೂ ನಾನೇ ಹಂಚುತ್ತೇನೆ.

ಇಂತಿ,
ಒಬ್ಬ ಔಷಧ ವ್ಯಾಪಾರಿ
ಹಾಸನ ಜಿಲ್ಲೆ